ಪಾಳಿ

ಮೊಟ್ಟೆಗೆ ಟಾರ್ಚು ಹಿಡಿದು ನೋಡಬೇಕೆಂದು
ನನಗೆ ಯಾರೂ ಹೇಳಿಕೊಟ್ಟದ್ದಲ್ಲ.
ರಾತ್ರಿ ಪಾಯಿಂಟು ನೋಡಲು ಇಲಾಖೆ ಕೊಟ್ಟ ಟಾರ್ಚು
ಮನೆಗೆ ಬಂದಾಗ ಸೊಂಟದಲ್ಲೇ ಇತ್ತು.
ಹಿಡಿದೆ. ಚಿಪ್ಪಿನೊಳಗೆ ಕೆಂಪು ದಾರದೆಳೆಗಳು,
ನಡುವೆ ಸಾಸಿವೆಯಷ್ಟು ಏನೋ
ಅವಸರದಲ್ಲಿತ್ತು.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸು, ಹಿಂದಿನ ವರಾಂಡ,
ಸೇಬಿನ ಪೆಟ್ಟಿಗೆ ಬಿಚ್ಚಿ ಹೊಡೆದ ಗೂಡು.
ಜುಟ್ಟಿನ ಗಿಣಿ ಜೋಡಿ, ಕಾಕಟೀಲು.
ಹಗಲು ಗಂಡು ಕಾವು ಕೂರುತ್ತದೆ, ರಾತ್ರಿ ಹೆಣ್ಣು.
ಸಂಜೆ ಆರಕ್ಕೆ, ನಾನು ಬೂಟು ಹಾಕುವ ಹೊತ್ತಿಗೆ,
ತೂತಿನ ಬಾಯಲ್ಲಿ ಒಂದು ಹೊರಗೆ, ಒಂದು ಒಳಗೆ.
ರಿಜಿಸ್ಟರಿಲ್ಲ, ಸಹಿಯಿಲ್ಲ,
ಒಂದು ದಿನ ತಡವಾದದ್ದಿಲ್ಲ.

ಸರ್ವಮಂಗಳ ಮೂಗಿಗೆ ಸೆರಗು ಹಿಡಿದು
"ಒಗೆದ ಬಟ್ಟೆ ತುಂಬ ನವಣೆ ಹೊಟ್ಟು.
ಇವಿರಬೇಕು, ಇಲ್ಲ ನಾನಿರಬೇಕು" ಅನ್ನುತ್ತಿದ್ದಳು.
ಹನ್ನೊಂದು ವರ್ಷದಿಂದ ಬೇರೆ ಬೇರೆ ವಿಷಯಕ್ಕೆ ಇದೇ ಮಾತು.
ನಾನು ಇನ್ನೆರಡು ಕೇಜಿ ನವಣೆ ತಂದೆ.

ಐದು ಮೊಟ್ಟೆ, ಅದರಲ್ಲೊಂದು ಗೊಡ್ಡು.
ದಿನ ಬಿಟ್ಟು ದಿನ ಇಟ್ಟವು, ದಿನ ಬಿಟ್ಟು ದಿನ ಒಡೆದವು.
ಕಡೆಯದು ಹೊರಗೆ ಬರುವಷ್ಟರಲ್ಲಿ
ಮುಂದಿನವು ಗುಂಡುಗುಂಡಾಗಿ ಗೂಡು ತುಂಬಿದ್ದವು.
ಇದಕ್ಕೆ ನಾಲ್ಕು ಹಳದಿ ಕೂದಲು,
ಮುಚ್ಚಿದ ಕಣ್ಣಿನ ನೀಲಿ ಉಬ್ಬು.
ಅವುಗಳ ಕಾಲಡಿ ಸಿಕ್ಕಿ, ಗುಟುಕು ಸಿಗದೆ,
ಕೊರಳ ಚೀಲ ಜಾತ್ರೆ ಮುಗಿದ ಮಾರನೆ ದಿನದ ಬಲೂನು.

ಎತ್ತಿಕೊಂಡೆ.
ಎತ್ತಿಕೊಂಡ ಮೇಲೆ ಗೊತ್ತಾಯಿತು ಏನು ಮಾಡಿಕೊಂಡೆ ಅಂತ:
ಎರಡು ಗಂಟೆಗೊಂದು ಸಲ, ಹಗಲಿಲ್ಲ ರಾತ್ರಿಯಿಲ್ಲ.

ಸೂಜಿ ಕಿತ್ತ ಸಿರಿಂಜು,
ಹಳೇ ಪಂಚೆಯಲ್ಲಿ ಸೋಸಿದ ರಾಗಿ ಸರಿ.
ಬಿಸಿ ಹೆಚ್ಚಾದರೆ ಒಳಗೆ ಸುಡುತ್ತದೆ, ಆರಿದರೆ ಹುಳಿಯಾಗುತ್ತದೆ,
ಮಣಿಕಟ್ಟಿಗೊಂದು ಹನಿ ಬಿಟ್ಟು ನೋಡಬೇಕು.
ಚರ್ಮ ಎಷ್ಟು ತೆಳುವೆಂದರೆ
ಉಂಡದ್ದು ಕಾಣುತ್ತದೆ, ಅದು ಇಳಿಯುವುದೂ ಕಾಣುತ್ತದೆ.
ಬಿಸ್ಕತ್ತು ಡಬ್ಬ, ನಲವತ್ತರ ಬಲ್ಬು, ನನ್ನ ಹಳೆ ಬನೀನು.

ರಾತ್ರಿ ಪಾಳಿಯಲ್ಲಿ ಹನ್ನೆರಡರ ಗೂಡ್ಸು ದಾಟಿಸಿ
ತಂತಿಬೇಲಿ ಹಾರಿ ಓಡಿಬರುತ್ತಿದ್ದೆ,
ಆಮೇಲೆ ನಾಲ್ಕಕ್ಕೆ. ನಡುವಿನ ಎರಡು ಗಂಟೆಯದು ತಪ್ಪುತ್ತಿತ್ತು,
ಆ ಹೊತ್ತಿಗೇ ಹುಬ್ಬಳ್ಳಿ ಕಡೆಯದು ಬರುತ್ತದೆ.
ಆದರೂ ನಾಲ್ಕಕ್ಕೆ ಬಂದು ನೋಡಿದರೆ ಚೀಲ ತುಂಬಿರುತ್ತಿತ್ತು.
ಅರಗುತ್ತಿಲ್ಲ, ಹುಳಿ ಹಿಡಿದಿದೆ ಎಂದು ಹೆದರಿ
ಸರಿಗೆ ಒಂದೆರಡು ತೊಟ್ಟು ಜೀರಿಗೆ ನೀರು ಬೆರೆಸಿದೆ.

ಪುಕ್ಕ ಬಂದದ್ದು ಮುಳ್ಳಾಗಿ, ಪೆನ್ನಿನ ರೀಫಿಲ್ಲಿನಂತೆ,
ತುದಿ ಒಡೆದು ಬೂದಿ ಬಣ್ಣ.
ಕೆನ್ನೆಗೆ ಕಿತ್ತಳೆ ಚುಕ್ಕಿ. ಮೊದಲ ಸಲ ಹಾರಿ
ಕ್ಯಾಲೆಂಡರಿಗೆ ಬಡಿದು ಅಕ್ಕಿ ಡಬ್ಬದ ಹಿಂದೆ ಬಿತ್ತು.
ಸರ್ವಮಂಗಳ ನಕ್ಕದ್ದು ಕೇಳಿಸಿತು. ಒಳಗೆ ಹೋದಾಗ
ಮುಖ ಗಂಟಿಕ್ಕಿ ಅಕ್ಕಿ ಆರಿಸುತ್ತಿದ್ದಳು.

ಮೂರು ತಿಂಗಳಿಗೆ ತಿಪಟೂರಿನ ಹಿದಾಯತ್,
ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯವನು,
ಚಪ್ಪಲಿ ಡಬ್ಬಕ್ಕೆ ತೂತು ಹೊಡೆದು ತಂದ.
ದುಡ್ಡೆಣಿಸಿದೆ. ಅವಳು ಹೊರಗೆ ಬರಲಿಲ್ಲ.
ಕುಕ್ಕರು ಎಷ್ಟು ಸಲ ಕೂಗಿತೋ, ಯಾರೂ ಇಳಿಸಲಿಲ್ಲ.

ತಿಂಗಳು ಬಿಟ್ಟು ಅವನ ಫೋನು:
"ಅಣ್ಣಾ, ನಿಮ್ ಗಿಣಿ ಮಾತಾಡ್ತದೆ! ಅರ್ಥ ಆಗ್ತಿಲ್ಲ, ನೀವೇ ಕೇಳಿ."
ಸ್ಪೀಕರಿಗೆ ಹಾಕಿದೆ.
ಮೊದಲು ನನ್ನ ಶಂಟಿಂಗ್ ಸೀಟಿ, ಚಾಚೂ ತಪ್ಪದೆ.
ಆಮೇಲೆ ಸಣ್ಣಗೆ, ಸೆರಗಿನ ಮರೆಯಿಂದ ಬಂದಂತೆ ಮೂಗಿನಲ್ಲಿ,
"ಇನ್ನೊಂದೇ ಗುಟುಕು, ಕಳ್ಳ.
ನಿಮ್ಮಪ್ಪ ಬರೋ ಹೊತ್ತಾಯ್ತು."

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು.
"ಆ ಟೀವಿ ಸಣ್ಣಗೆ ಮಾಡಬಾರದಾ" ಅಂದಳು.
ಟೀವಿ ಹಾಕಿರಲಿಲ್ಲ.

ಈಗ ಗೂಡಿನಲ್ಲಿ ಮತ್ತೆ ನಾಲ್ಕು ಮೊಟ್ಟೆ.
ಆರು ಗಂಟೆ. ಗಂಡು ಹೊರಬಂದು ಮೈ ಕೊಡವಿತು.
ನಾನು ಸಿರಿಂಜು ಬಿಸಿನೀರಲ್ಲಿ ತೊಳೆದು
ಅವಳ ಕೈಗೆ ಎಟುಕುವ ಗೂಡಿನಲ್ಲಿಟ್ಟು
ಡ್ಯೂಟಿಗೆ ಹೊರಟೆ.